ನೀರು ಕುಡಿದ ಗಾಡಿ

ಸೊಲ್ಲಾಪುರ ಹೆಚ್ಚು ಮಳೆಯ ಊರಲ್ಲ. ಆಷಾಢ ಶ್ರಾವಣಗಳಲ್ಲಿ ಮೋಡಗಳು ಬಂದು ಮುಖ ತೋರಿಸಿ ಹೋಗುವುದೇ ಬಹಳ; ನೆಲ ನೆನೆದು ತಗ್ಗು ತುಂಬುವಂಥ ಮಳೆ ಬೀಳುವುದು ಉತ್ತರೆ ಹಸ್ತೆಗಳಲ್ಲಿ, ಎಂದರೆ ಸಪ್ಟೆಂಬರಿನ ನಡುಭಾಗದ ಅನಂತರ. ಆ ಮೂರು ನಾಲ್ಕು ವಾರ ಅಕ್ಕಲಕೋಟ ರಸ್ತೆ ಎಂಐಡಿಸಿಯ ಒಳದಾರಿಗಳಲ್ಲಿ ಕಾಲಿಡಲು ಒಣನೆಲ ಹುಡುಕಬೇಕು. ಎರಡೂ ಕಡೆ ತಗಡಿನ ಶೆಡ್ಡುಗಳು, ಒಳಗೆ ಟವೆಲು ಚಾದರಗಳ ಮಗ್ಗಗಳ ಎಡೆಬಿಡದ ಸದ್ದು, ಹೊರಗೆ ನಿಂತ ನೀರು. ಆ ನೀರಿನ ಬಣ್ಣವೂ ಒಂದೇ ತೆರನಾಗಿರುವುದಿಲ್ಲ. ಒಂದು ತಗ್ಗಿನಲ್ಲಿ ಬರಿಯ ಕರಿಮಣ್ಣಿನ ಬಣ್ಣ, ಮತ್ತೊಂದರಲ್ಲಿ ನೀಲಿಯ ಛಾಯೆ, ಮೂರನೆಯದರಲ್ಲಿ ಕುಂಕುಮ ಕದಡಿದಂಥ ಕೆಂಪು. ಬಣ್ಣ ಹಾಕುವ ಶೆಡ್ಡು ಯಾವ ಕಡೆಗಿದೆ, ಆ ದಿನ ಅಲ್ಲಿ ಯಾವ ಬಣ್ಣದ ನೂಲು ಮಿಂದಿತು ಎಂಬುದನ್ನು ದಾರಿಹೋಕರೂ ಊಹಿಸಬಲ್ಲರು.

ಇಂಥ ಒಂದು ಒಳದಾರಿಯ ತಿರುವಿನಲ್ಲಿ ಒಂದೇ ಶಟರಿನ ಕೋಣೆಯಿದೆ. ಮೇಲೆ ಮರಾಠಿಯಲ್ಲಿ 'ಕಾರ್ಡ್ ರಿಪೇರಿ' ಎಂದಷ್ಟೇ ಬರೆದ ಫಲಕ. ಕಾರ್ಡ್ ಎಂದರೆ ಮಗ್ಗದವರ ಮಾತಿನಲ್ಲಿ ಚಿಪ್ಪು, ತಂತಿ, ಬೆಸುಗೆಗಳನ್ನು ಹೊತ್ತ ಹಸಿರು ಹಲಗೆ. ಇಲೆಕ್ಟ್ರಾನಿಕ್ ಜಕಾರ್ಡ್ ಬಂದಂದಿನಿಂದ ಮಗ್ಗಕ್ಕೂ ಇಂಥದೊಂದು ಮಿದುಳು ಬಂದಿದೆ, ಮಿದುಳಿದ್ದಲ್ಲಿ ರೋಗವೂ ಬಂದಿದೆ. ಅಂಗಡಿಯ ಮಿಸ್ತ್ರಿ ಐವತ್ತರ ಆಚೆಯವರು. ಮನೆಮಾತು ತೆಲುಗು, ವ್ಯವಹಾರದ ಮಾತು ಮರಾಠಿ, ಅಕ್ಕಲಕೋಟ ಕಡೆಯ ರೈತರೊಡನೆ ಕನ್ನಡ. ಆ ಕನ್ನಡವನ್ನು ತಮಗೆ ಕಲಿಸಿದ್ದು ಕೆಟ್ಟುಹೋದ ಪಂಪುಗಳೆಂದು ಅವರೇ ನಗುತ್ತ ಹೇಳುವುದುಂಟು.

ಸಪ್ಟೆಂಬರಿನ ಒಂದು ಮಂಗಳವಾರ ಸಂಜೆ, ನೀಲಂ ನಗರದ ಕಡೆಯಿಂದ ಎಂಟನೆಯ ಇಯತ್ತೆಯ ಹುಡುಗನೊಬ್ಬ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ ಹಿಡಿದು ಆ ಅಂಗಡಿಯ ಮುಂದೆ ಬಂದು ನಿಂತ. ಚೀಲದಲ್ಲಿ ಒಂದು ರಿಮೋಟ್ ಗಾಡಿ. ದೊಡ್ಡ ಗಾಲಿಗಳ, ಎತ್ತರದ ಮೈಯ, ಕಲ್ಲುಮುಳ್ಳು ಹತ್ತಿಳಿಯುವ ಬಗೆಯದು. ಮಿಸ್ತ್ರಿ ಕಣ್ಣಿನಿಂದ ಬೆಳಕುಗಾಜನ್ನು ಮೇಲೆ ಸರಿಸಿ ನೋಡಿದರು.

"ಏನಾಗ್ಯಾದ?"

"ನೀರಾಗ ಬಿದ್ದದ್ರಿ ಕಾಕಾ."

"ಯಾವಾಗ?"

ಹುಡುಗ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡ. "ಶುಕ್ರವಾರ್ರಿ."

"ಬ್ಯಾಟರಿ ತೆಗದಿದ್ದೇನು?"

"ಇಲ್ರಿ."

"ಬಟನ್ ಒತ್ತಿದ್ದೇನು?"

"ದಿನಾ ಒತ್ತಿ ನೋಡೀನ್ರಿ."

ಮಿಸ್ತ್ರಿ ಮತ್ತೇನೂ ಕೇಳದೆ ಗಾಡಿಯನ್ನು ಮಗುಚಿ, ಹೊಟ್ಟೆಯ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯನ್ನು ಕಳಚಿದರು. ಅದನ್ನು ಮೂಸಿ, ಬೆರಳಿನಿಂದ ಒತ್ತಿ ನೋಡಿ, ಅಂಗಡಿಯ ಹೊರಗೆ ಉಸುಕು ತುಂಬಿಟ್ಟಿದ್ದ ತಗಡಿನ ಡಬ್ಬಿಯಲ್ಲಿ ಹಾಕಿ ಬಂದರು. ಲಿಥಿಯಂ ಬ್ಯಾಟರಿಯ ಒಳಗೆ ಉಪ್ಪುನೀರು ಹೊಕ್ಕರೆ ಅದು ಇಂದು ತಣ್ಣಗಿದ್ದು ನಾಳೆ ಬಿಸಿಯಾಗಬಲ್ಲದು. ಅಂಥದನ್ನು ನೂಲು ಅರಳೆಗಳ ನೆರೆಯಲ್ಲಿ, ಅದೂ ಕಟ್ಟಿಗೆಯ ಮೇಜಿನ ಮೇಲೆ, ರಾತ್ರಿ ಇಡುವ ಧೈರ್ಯ ತಿಳಿದವರಿಗಿರುವುದಿಲ್ಲ.

ಹುಡುಗನ ಕತೆ ಚಿಕ್ಕದು. ಅವನ ತಂದೆ ಮೈಂದರ್ಗಿ ಕಡೆಯವರು, ಟವೆಲಿನ ಶೆಡ್ಡೊಂದರಲ್ಲಿ ಜಾಬರ್, ಎಂದರೆ ಮಗ್ಗಗಳನ್ನು ಜೋಡಿಸಿ, ತಿದ್ದಿ, ನಡೆಯುವಂತೆ ನೋಡಿಕೊಳ್ಳುವವರು. ಕಳೆದ ದೀಪಾವಳಿಯ ಬೋನಸ್ಸಿನಲ್ಲಿ 3,200 ರೂಪಾಯಿ ಕೊಟ್ಟು ಈ ಗಾಡಿಯನ್ನು ತರಿಸಿದ್ದರು. ಮನೆಯಲ್ಲಿ ಅದಕ್ಕೆ ಮುನ್ನ ಅಷ್ಟು ಬೆಲೆಯ ಆಟಿಕೆ ಬಂದಿರಲಿಲ್ಲ. ಡಬ್ಬಿಯ ಮೇಲೆ ಗಾಡಿ ಹಳ್ಳ ಹಾಯುತ್ತಿರುವ ಚಿತ್ರ, ಎರಡೂ ಕಡೆಗೆ ರೆಕ್ಕೆಯಂತೆ ಎದ್ದ ನೀರು, ಕೆಳಗೆ 'ವಾಟರ್‌ಪ್ರೂಫ್' ಎಂಬ ದಪ್ಪ ಅಕ್ಷರ. ಹುಡುಗ ಅಕ್ಷರವನ್ನು ನಂಬಿದ. ಬಣ್ಣದ ಶೆಡ್ಡಿನ ಮೋರಿ ಉಕ್ಕಿ ನಿಂತ ಕೆಂಪು ತಗ್ಗಿನಲ್ಲಿ ಗಾಡಿಯನ್ನು ಇಳಿಸಿದ. ನಡುವೆ ಅದು ಒಮ್ಮೆ ತಡವರಿಸಿ, ತನ್ನಷ್ಟಕ್ಕೆ ಎಡಕ್ಕೆ ತಿರುಗಿ, ಮುಳುಗಿ ನಿಂತಿತು. ಎತ್ತಿ ತಂದು, ಒರೆಸಿ, ಮನೆಯ ಕೌದಿಗಳ ಹಿಂದೆ ಇಟ್ಟುಬಿಟ್ಟ. ತಂದೆ ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು. ಅವರಿಗೆ ನಿದ್ದೆ ಹತ್ತಿದಾಗ ತೆಗೆದು ಒಮ್ಮೆ ಬಟನ್ ಒತ್ತಿ ನೋಡುವುದು, ಮತ್ತೆ ಮುಚ್ಚಿಡುವುದು. ನಾಲ್ಕು ದಿನ ಹೀಗೆಯೇ ಸರಿದವು.

ಗಾಡಿಯ ಕಾರ್ಡ್ ಹೊರಬಂದಾಗ ಅದರ ಒಂದು ಅಂಚಿನಲ್ಲಿ ಹಸಿರುಗಟ್ಟಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ತೊಳೆಯದ ತಾಮ್ರದ ಹಂಡೆಯ ಕಂಠದಲ್ಲಿ ಕಟ್ಟುವ ಕಿಲುಬಿನ ಹಸಿರು ಅದು.

ನೀರು ಬಿದ್ದು ಯಂತ್ರ ಕೆಟ್ಟಿತೆಂದು ಜನ ಹೇಳುವ ಮಾತು ಅರ್ಧ ನಿಜ. ಕೇವಲ ಶುದ್ಧ ನೀರು ವಿದ್ಯುತ್ತನ್ನು ಹರಿಯಗೊಡುವುದು ಅತ್ಯಲ್ಪ. ಅದರಲ್ಲಿ ಕರಗಿದ ಉಪ್ಪುಗಳೇ ಹಾದಿ ಮಾಡಿಕೊಡುತ್ತವೆ. ಬೋರಿನ ನೀರು, ನಳದ ನೀರು, ಬೀದಿಯ ನೀರು, ಎಲ್ಲದರಲ್ಲಿಯೂ ಉಪ್ಪು ಇದೆ. ಹೆಚ್ಚು ಕಡಿಮೆಯ ಮಾತಷ್ಟೇ. ಬ್ಯಾಟರಿ ಜೋಡಿಸಿದ ಕಾರ್ಡಿನ ಮೇಲೆ ಇಂಥ ನೀರು ನಿಂತರೆ, ಅಲ್ಲಿ ಲೇಪಗಾರನ ತೊಟ್ಟಿಯಲ್ಲಿ ನಡೆಯುವ ಕೆಲಸವೇ ನಡೆಯತೊಡಗುತ್ತದೆ. ಧನಧ್ರುವದ ಕಡೆಯ ತಾಮ್ರ ಕರಗಿ ನೀರಿಗಿಳಿಯುತ್ತದೆ, ಋಣಧ್ರುವದ ಕಡೆ ಹೋಗಿ ಕೂದಲಿನಂಥ ಎಳೆಗಳಾಗಿ ಬೆಳೆಯುತ್ತದೆ. ಒಂದು ಕಡೆ ಗೆರೆ ಸವೆದು ತುಂಡಾಗುತ್ತದೆ, ಇನ್ನೊಂದು ಕಡೆ ಇರಬಾರದಲ್ಲಿ ಸೇತುವೆ ಕಟ್ಟಿಕೊಳ್ಳುತ್ತದೆ. ಈ ಗಾಡಿಯ ಬ್ಯಾಟರಿ ಕೇವಲ 7.4 ವೋಲ್ಟಿನದು, ಆ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಸ್ವಿಚ್ಚು ಆರಿಸಿದರೂ ಬ್ಯಾಟರಿಯ ತಂತಿಯಿಂದ ಸ್ವಿಚ್ಚಿನವರೆಗೆ ವಿದ್ಯುತ್ತು ಕಾದು ನಿಂತೇ ಇರುತ್ತದೆ. ಆದುದರಿಂದ ಬಿದ್ದ ಗಳಿಗೆಯಲ್ಲಿ ಆದ ಹಾನಿ ಕಡಿಮೆ. ಬ್ಯಾಟರಿಯೊಡನೆ ಕೌದಿಯ ಹಿಂದೆ ಕಳೆದ ನಾಲ್ಕು ದಿನಗಳ ಹಾನಿ ದೊಡ್ಡದು. ದಿನಕ್ಕೊಮ್ಮೆ ಒತ್ತಿದ ಬಟನ್ನು ಆ ಹಾನಿಯನ್ನು ಮೋಟರಿನ ದಾರಿಗೂ ಹಬ್ಬಿಸಿತ್ತು.

ಅದೂ ಎಂಥ ನೀರು! ಹತ್ತಿಯ ನೂಲಿಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ತೊಟ್ಟಿಯಲ್ಲಿ ಉಪ್ಪು ಬೇಕು, ಮೇಲೆ ಸೋಡಾ ಬೇಕು. ಗಾಢ ಬಣ್ಣಗಳಿಗೆ ಲೀಟರಿಗೆ 50 ಗ್ರಾಮಿಗೂ ಮಿಕ್ಕಿ ಉಪ್ಪು ಸುರಿಯುವುದುಂಟು. ಸಮುದ್ರದ ನೀರಿನಲ್ಲಿರುವುದು ಲೀಟರಿಗೆ ಸುಮಾರು 35 ಗ್ರಾಮು. ಬಣ್ಣ ನೂಲಿಗೆ ಹೋಗುತ್ತದೆ, ಉಪ್ಪು ನೀರಿನಲ್ಲಿಯೇ ಉಳಿದು ಹೊರಬೀಳುತ್ತದೆ. ಸಮುದ್ರವನ್ನೇ ಕಾಣದ ಸೊಲ್ಲಾಪುರದ ಹುಡುಗ ತನ್ನ ಗಾಡಿಯನ್ನು ಒಂದರ್ಥದಲ್ಲಿ ಸಮುದ್ರಕ್ಕೇ ಇಳಿಸಿದ್ದ.

ಮಿಸ್ತ್ರಿಗೆ ಈ ವಿದ್ಯೆ ದೊರೆತದ್ದು ಆಟಿಕೆಗಳಿಂದಲ್ಲ. 2020ರ ಅಕ್ಟೋಬರಿನ ನಡುವೆ ಸುರಿದ ಮಳೆಗೆ ಅಕ್ಕಲಕೋಟ ತಾಲೂಕಿನ ಬೋರಿ ನದಿ ಉಕ್ಕಿತು, ಭೀಮೆಯೂ ದಂಡೆ ಮೀರಿತು. ಆ ಭಾಗದ ಓದುಗರಿಗೆ ಅದನ್ನು ನೆನಪಿಸಬೇಕಾದ ಅಗತ್ಯವಿಲ್ಲ. ಗೋಡೆಗಳ ಮೇಲಿನ ನೀರಿನ ಗೆರೆಗಳು ಬಹುಕಾಲ ಉಳಿದವು. ನೀರು ಇಳಿದ ಮೇಲೆ ಒಂದೊಂದೇ ಟಂಟಂ ರಿಕ್ಷಾದಲ್ಲಿ, ಮೋಟರ್ ಸೈಕಲ್ಲಿನ ಹಿಂದೆ, ಪಂಪುಗಳ ಸ್ಟಾರ್ಟರ್ ಡಬ್ಬಿಗಳು ಈ ಅಂಗಡಿಗೆ ಬರತೊಡಗಿದವು. ಅವುಗಳಲ್ಲಿ ಅನೇಕವು ಮನೆಯಲ್ಲಿ ಕುಳಿತು ಮೊಬೈಲಿನಿಂದ ಪಂಪು ಹಚ್ಚುವ ಯಂತ್ರಗಳು. ತತ್ತ್ವದಲ್ಲಿ ಅವೂ ಹುಡುಗನ ಗಾಡಿಯ ದಾಯಾದಿಗಳೇ: ದೂರದಿಂದ ಅಲೆಯೊಂದು ಬರುತ್ತದೆ, ಹೊಲದಲ್ಲಿ ಕುಳಿತ ಕಾರ್ಡ್ ಅದನ್ನು ಕೇಳಿಸಿಕೊಂಡು ಮೋಟರನ್ನು ತಿರುಗಿಸುತ್ತದೆ.

ಆಗ ಅವರು ಒಂದು ಸಂಗತಿಯನ್ನು ಗಮನಿಸಿದರು. ಎರಡು ದಿನ ಕೆಸರಿನಲ್ಲಿ ಹೂತುಹೋಗಿದ್ದ ಡಬ್ಬಿಗಳು ತೊಳೆದರೆ ಬದುಕುತ್ತಿದ್ದವು. ಒಂದು ಗಳಿಗೆ ಮಾತ್ರ ನೆನೆದಿದ್ದ ಡಬ್ಬಿಗಳು ಸುಟ್ಟಿರುತ್ತಿದ್ದವು. ವಿಚಾರಿಸಿದಾಗ ತಿಳಿದದ್ದಿಷ್ಟು. ನೆರೆಯ ದಿನಗಳಲ್ಲಿ ಕರೆಂಟ್ ಇರಲಿಲ್ಲ. ಮುಳುಗಿದವು ನಿರ್ಜೀವವಾಗಿಯೇ ಮುಳುಗಿ, ನಿರ್ಜೀವವಾಗಿಯೇ ಮೇಲೆ ಬಂದವು. ಸುಟ್ಟವುಗಳ ಒಡೆಯರು ಮಾತ್ರ, ಕರೆಂಟ್ ಬಂದೊಡನೆ, ಡಬ್ಬಿಯ ಒಳಗಿನ ಪಸೆ ಆರುವ ಮುನ್ನವೇ, ನಡೆಯುತ್ತದೋ ಇಲ್ಲವೋ ನೋಡೋಣವೆಂದು ಒಮ್ಮೆ ಹಚ್ಚಿದ್ದರು. ಅವರನ್ನು ದೂರುವಂತಿಲ್ಲ. ಬಿತ್ತಿದ ಹೊಲ ಹೋಗಿ, ಮನೆಯ ಸಾಮಾನು ಹೋಗಿ, ಉಳಿದ ಒಂದೇ ವಸ್ತು ಜೀವಂತವಿದೆಯೋ ಇಲ್ಲವೋ ಎಂದು ಕೂಡಲೇ ತಿಳಿಯಬೇಕೆನ್ನಿಸುವುದು ಮನುಷ್ಯಸಹಜ.

ಮಿಸ್ತ್ರಿಯ ಚಿಕಿತ್ಸೆಯಲ್ಲಿ ಗುಟ್ಟೇನೂ ಇಲ್ಲ. ಮೊದಲು ವಿದ್ಯುತ್ತಿನ ಸಂಬಂಧ ಕಡಿಯುವುದು. ಆಮೇಲೆ, ಕೇಳಿದವರಿಗೆ ಸೋಜಿಗವೆನಿಸಬಹುದು, ಮತ್ತೆ ನೀರಿನಲ್ಲಿಯೇ ತೊಳೆಯುವುದು. ಆದರೆ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನಲ್ಲಿ, ಅದು ಬಟ್ಟಿ ಇಳಿಸಿದ್ದು, ಉಪ್ಪಿಲ್ಲದ್ದು. ಒಣಗಿದ ಕಾರ್ಡಿನ ಮೇಲೆ ಉಳಿಯುವುದು ಉಪ್ಪೇ ಆದ್ದರಿಂದ ಒರೆಸಿ ಒಣಗಿಸಿದ ಮಾತ್ರಕ್ಕೆ ಕೆಲಸ ತೀರದು. ಮುಂದಿನ ಮೋಡದ ದಿನ ಆ ಉಪ್ಪು ಗಾಳಿಯ ಪಸೆಯನ್ನು ಹೀರಿ ಮತ್ತೆ ಕೆಲಸ ಆರಂಭಿಸುತ್ತದೆ. ಉಪ್ಪು ಹೋದ ಮೇಲೆ ಐಪಿಎ ಎಂದು ಕರೆಯುವ ಸ್ಪಿರಿಟ್ಟಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಿಪ್ಪುಗಳ ಕಾಲುಗಳ ನಡುವೆ ಉಜ್ಜಿ, ಫ್ಯಾನಿನ ಗಾಳಿಗೆ ಎರಡು ದಿನ ಬಿಡುವುದು. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಪದ್ಧತಿಯನ್ನು ಕೇಳಿದರೆ ಅವರಿಗೆ ನಗು ಬರುತ್ತದೆ. ಅಕ್ಕಿ ತೆರೆದ ಗಾಳಿಗಿಂತ ಹೆಚ್ಚೇನೂ ಹೀರುವುದಿಲ್ಲ, ಉಪ್ಪನ್ನಂತೂ ಮುಟ್ಟುವುದೇ ಇಲ್ಲ, ಮೇಲಾಗಿ ತನ್ನ ಹಿಟ್ಟನ್ನು ಸಂದುಗಳಲ್ಲಿ ಬಿಟ್ಟುಬರುತ್ತದೆ. ಅಕ್ಕಿ ಅನ್ನಕ್ಕೇ ಇರಲಿ.

ಕಾರ್ಡನ್ನು ತೊಳೆಯುತ್ತಿದ್ದಾಗ ಹುಡುಗ ಪಿಸುದನಿಯಲ್ಲಿ ಕೇಳಿದ: "ಕಾಕಾ, ಅಪ್ಪಗ ಹೇಳ್ತೀರೇನ್ರಿ?"

ಮಿಸ್ತ್ರಿ ತಟ್ಟನೆ ಉತ್ತರಿಸಲಿಲ್ಲ. ಅವರ ಮೌನಕ್ಕೆ ಹುಡುಗನಿಗೆ ತಿಳಿಯದ ಕಾರಣವೊಂದಿತ್ತು.

ಅದೇ ವರ್ಷದ ಜುಲೈಯಲ್ಲಿ ಆ ಹುಡುಗನ ತಂದೆಯೇ ಒಂದು ಮಗ್ಗದ ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಈ ಮೇಜಿನ ಮೇಲೆ ತಂದಿಟ್ಟಿದ್ದರು. ನೇಯ್ಗೆಯ ಶೆಡ್ಡಿನ ಕಷ್ಟ ಹೊರಗಿನವರಿಗೆ ತಿಳಿಯದು. ಹತ್ತಿಯ ನೂಲಿಗೆ ಪಸೆ ಬೇಕು. ಪಸೆಯಲ್ಲಿ ಅದು ಗಟ್ಟಿಯಾಗುತ್ತದೆ, ಒಣಗಿದರೆ ಪಟಪಟನೆ ಹರಿಯುತ್ತದೆ. ಆದ್ದರಿಂದ ಒಳ್ಳೆಯ ಶೆಡ್ಡಿನಲ್ಲಿ ತುಂತುರು ಯಂತ್ರಗಳಿಂದ ಗಾಳಿಯ ತೇವವನ್ನು ಶೇ. 70ರ ಮೇಲೆ ಇಡುತ್ತಾರೆ. ಅದೇ ಗಾಳಿಯಲ್ಲಿ ಕಾರ್ಡೂ ಉಸಿರಾಡಬೇಕು. ನೂಲಿಗೆ ಅಮೃತವಾದದ್ದು ಕಾರ್ಡಿಗೆ ವಿಷ. ಹಾರುವ ಅರಳೆಯ ಎಳೆ ಕಾರ್ಡಿನ ಮೇಲೆ ಕುಳಿತು, ಪಸೆ ಹಿಡಿದು, ಎರಡು ಗೆರೆಗಳ ನಡುವೆ ಬತ್ತಿಯಂತೆ ಮಲಗಿದರೆ ಸಾಕು. ಆ ಮಗ್ಗದ ವಿಷಯದಲ್ಲಿ ಇಷ್ಟೇ ಆಗಿರಲಿಲ್ಲ. ಮೇಲಿನ ತುಂತುರು ಪೈಪಿನ ಸಂದಿನಿಂದ ಹನಿಯೊಂದು ಪ್ಯಾನೆಲ್ಲಿನ ಮೇಲೆ ಬೀಳುತ್ತಿತ್ತು. ಜಾಬರರು ಅದನ್ನು ಎಂಟು ದಿನ ಮೊದಲೇ ಕಂಡಿದ್ದರು. ಮಗ್ಗ ನಿಲ್ಲಿಸಿ ಪೈಪು ಬಿಚ್ಚಿಸಿದರೆ ಪಾಳಿಯ ಮಾಲು ಕಡಿಮೆಯಾಗುತ್ತದೆ, ಮಾಲಿಗೆ ತಕ್ಕ ಕೂಲಿ. ಪ್ಲಾಸ್ಟಿಕ್ ಹಾಳೆಯೊಂದನ್ನು ಮುಚ್ಚಿ ಮಗ್ಗ ಓಡಿಸಿದರು. ಎಂಟನೆಯ ರಾತ್ರಿ ಕಾರ್ಡ್ ಹೋಯಿತು.

ಅಂಗಡಿಯ ಚೀಟಿಪುಸ್ತಕದಲ್ಲಿ ಎರಡು ಕಲಮುಗಳಿವೆ: 'ಗಿರಾಕಿ ಹೇಳಿದ ದೂರು' ಮತ್ತು 'ಕಂಡ ದೋಷ'. ಮೊದಲನೆಯದರಲ್ಲಿ ಜಾಬರರು ಹೇಳಿದಂತೆ 'ವೋಲ್ಟೇಜ್ ಹೆಚ್ಚು ಬಂದು ಹೋಗಿದೆ' ಎಂದು ಬರೆಯಲಾಯಿತು. ಎರಡನೆಯದನ್ನು ಮಿಸ್ತ್ರಿ ಖಾಲಿ ಬಿಟ್ಟರು. ಚಿಪ್ಪಿನ ಅಡಿಯ ಹಸಿರನ್ನು ಅವರು ಕಂಡಿದ್ದರು. ಕಂಡದ್ದನ್ನು ಬರೆಯದಿರುವುದು ಸುಳ್ಳಲ್ಲವೆಂದು ಅವರು ತಮಗೆ ತಾವೇ ಹೇಳಿಕೊಂಡಿರಬೇಕು. ನ್ಯಾಯಾಲಯಗಳ ಕಾಗದಪತ್ರಗಳನ್ನು ಬಲ್ಲವರಿಗೆ ಗೊತ್ತು, ತುಂಬಿದ ಕಲಮಿಗಿಂತ ಖಾಲಿ ಬಿಟ್ಟ ಕಲಮು ಹೆಚ್ಚು ಜನರನ್ನು ಮುಳುಗಿಸಿದೆ.

ರಿಪೇರಿಯ ಬಿಲ್ಲು 9,000 ರೂಪಾಯಿ. ವೋಲ್ಟೇಜ್ ಎಂದ ಮೇಲೆ ಸ್ಟೆಬಿಲೈಜರ್ ಹಚ್ಚುವುದು ಯಾರ ಕೆಲಸವೆಂಬ ಪ್ರಶ್ನೆ ಎದ್ದಿತು. ಅದು ಹೆಲ್ಪರ್ ಹುಡುಗನದು. ಅವನು ಹಚ್ಚಿದ್ದೆನೆಂದ, ಯಾರೂ ಕೇಳಲಿಲ್ಲ. ಜಾಬರರು ಅವನ ಮೇಲೆ ತಪ್ಪು ಹೊರಿಸಲಿಲ್ಲ, ಅವನ ಪರವಾಗಿ ಮಾತೂ ಆಡಲಿಲ್ಲ. ತಿಂಗಳಿಗೆ 500 ರೂಪಾಯಿಯಂತೆ ಅವನ ಪಗಾರದಲ್ಲಿ ಕಡಿತ ಆರಂಭವಾಯಿತು. ಹಾನಿಗಾಗಿ ವೇತನದಲ್ಲಿ ಕಡಿತ ಮಾಡುವ ಮೊದಲು ಕೆಲಸಗಾರನಿಗೆ ತನ್ನ ಕಾರಣ ಹೇಳುವ ಅವಕಾಶ ಕೊಡಬೇಕು, ಹಾನಿ ಅವನದೇ ಅಲಕ್ಷ್ಯದಿಂದ ಆದದ್ದಿರಬೇಕು ಎಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದ ಈ ದೇಶದಲ್ಲಿದೆ. ಅದು ಶೆಡ್ಡುಗಳ ಒಳಗೆ ಬಂದು ಬಾಯಿಬಿಟ್ಟು ಮಾತಾಡುವುದು ಅಪರೂಪ. ಈ ಕಡಿತದ ಸುದ್ದಿ ಮಿಸ್ತ್ರಿಗೆ ತಿಳಿದದ್ದು ಆಗಸ್ಟಿನಲ್ಲಿ, ಚಹದಂಗಡಿಯ ಮುಂದೆ, ಆ ಹೆಲ್ಪರ್ ಹುಡುಗನ ಬಾಯಿಂದಲೇ.

ಈಗ ಜಾಬರರ ಮಗ, ಅಪ್ಪನಿಗೆ ಹೇಳುತ್ತೀರೇನು ಎಂದು ಕೇಳುತ್ತಿದ್ದ.

"ನಾ ಹೇಳೂದಿಲ್ಲ," ಎಂದರು ಮಿಸ್ತ್ರಿ ಕೊನೆಗೆ. "ಆದ್ರ ಕಾರ್ಡ್ ಹೇಳ್ತದ."

ಮಾತು ಬದಲಿಸಲೆಂಬಂತೆ ಹುಡುಗ ಡಬ್ಬಿಯ ಮೇಲಿನ ಅಕ್ಷರದ ವಿಷಯ ಎತ್ತಿದ. ವಾಟರ್‌ಪ್ರೂಫ್ ಎಂದು ಬರೆದೂ ನೀರು ಹೇಗೆ ಹೊಕ್ಕಿತು? ಪ್ರಶ್ನೆ ನ್ಯಾಯವಾದದ್ದೇ. ನೀರಿಗೂ ಅಲೆಯಿಂದ ನಡೆಯುವ ಗಾಡಿಗೂ ನಂಟು ಹಳೆಯದು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಂತಿಯಿಲ್ಲದೆ ನಡೆಸಿ ತೋರಿಸಿದ್ದು ಕೊಳದಲ್ಲಿ ತೇಲುವ ಪುಟ್ಟ ದೋಣಿಯನ್ನೇ. ದೋಣಿ ಮಾಡಿದವನಿಗೆ ನೀರು ಶತ್ರುವೆಂಬುದು ಮೊದಲ ದಿನದಿಂದ ಗೊತ್ತಿತ್ತು. ಕಾರು ಮಾಡುವವರು ಅದನ್ನು ಡಬ್ಬಿಯ ಮೇಲಿನ ಚಿತ್ರಕ್ಕಾಗಿ ನೆನೆಯುತ್ತಾರೆ.

ನೀರನ್ನು ತಡೆಯುವ ಶಕ್ತಿಗೆ ಲೆಕ್ಕವಿದೆ. ಐಪಿ ಎಂಬ ಎರಡಕ್ಷರಗಳ ಮುಂದೆ ಎರಡು ಅಂಕಿ: ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 4 ಆದರೆ ಸಿಡಿಯುವ ಹನಿಯನ್ನು ತಡೆದೀತು. 7 ಆದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಾಳೀತು, ಅದೂ ಸಾದಾ ನೀರಿನಲ್ಲಿ, ಹೊಸದಾಗಿದ್ದಾಗ, ರಬ್ಬರಿನ ಬಿಗಿ ಸಡಿಲವಾಗುವ ಮುನ್ನ. ಅಂಕಿಯಿಲ್ಲದ 'ವಾಟರ್‌ಪ್ರೂಫ್' ಎಂಬ ಪದ ಬೆಲೆ ಬರೆಯದ ಪಾವತಿಯಂಥದು. ಈ ಗಾಡಿಯ ಡಬ್ಬಿಯಲ್ಲಿ ಅಂಕಿ ಎಲ್ಲಿಯೂ ಇರಲಿಲ್ಲ. ಒಳಗಿನ ಮಡಿಕೆ ಕಾಗದದಲ್ಲಿ ಮಾತ್ರ, ಇರುವೆಗಾತ್ರದ ಅಕ್ಷರಗಳಲ್ಲಿ, ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಇತ್ತು.

ಮುಖಪುಟದಲ್ಲಿ ಕೊಟ್ಟದ್ದನ್ನು ಒಳಪುಟದಲ್ಲಿ ಕಸಿದುಕೊಳ್ಳುವ ಈ ರೀತಿ ಕಾನೂನಿಗೆ ಹೊಸದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸ್ಪಷ್ಟವಾಗಿ ಕೊಟ್ಟ ಭರವಸೆಗೆ ವಸ್ತು ಹೊಂದದಿದ್ದರೆ ತಯಾರಕನು ಹೊಣೆಯೆನ್ನುತ್ತದೆ. ದೂರನ್ನು ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷಗಳೊಳಗೆ ಕೊಡಬಹುದು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ 3,200 ರೂಪಾಯಿಗಾಗಿ ಜಾಬರರೊಬ್ಬರು ಎಷ್ಟು ಪಾಳಿಗಳ ಕೂಲಿಯನ್ನು ಬಿಟ್ಟಾರು? ಇಂಥ ಅಕ್ಷರಗಳನ್ನು ಅಚ್ಚು ಹಾಕಿಸುವವರು ಈ ಲೆಕ್ಕವನ್ನು ಮೊದಲೇ ಮಾಡಿರುತ್ತಾರೆ.

ನೀರಿನಿಂದ ಕಾಪಾಡುವ ಉಪಾಯಗಳಿಲ್ಲವೆಂದಲ್ಲ. ಶುಚಿಗೊಳಿಸಿದ ಒಣ ಕಾರ್ಡಿನ ಮೇಲೆ ಅಕ್ರಿಲಿಕ್ ಅಥವಾ ಸಿಲಿಕೋನಿನ ತೆಳುಲೇಪವನ್ನು ಎರಡು ಸಲ ಕೊಡಬೇಕು. ಪ್ಲಗ್ಗಿನ ಬಾಯಿ, ಸ್ವಿಚ್ಚು, ಶಾಖ ಬಿಡುವ ಲೋಹದ ಭಾಗ ಇವುಗಳನ್ನು ಬಿಟ್ಟು. ಹವ್ಯಾಸಿಗಳು ಉಗುರುಬಣ್ಣ ಬಳಿಯುತ್ತಾರೆ, ಅದೂ ಕೆಲಕಾಲ ನಡೆಯುತ್ತದೆ, ಆಮೇಲೆ ಬಿರಿಯುತ್ತದೆ. ರಿಸೀವರಿಗೆ ಬಲೂನು ತೊಡಿಸಿ ಬಾಯಿ ಕಟ್ಟುವವರೂ ಇದ್ದಾರೆ. ಮಿಸ್ತ್ರಿ ಮುನ್ನೆಚ್ಚರಿಕೆ ಕೊಡುವುದು ಒಂದಕ್ಕೆ: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹುಳಿಸಿರ್ಕದ ವಾಸನೆಯ ಸಿಲಿಕೋನ್ ಟ್ಯೂಬು. ಒಣಗುವಾಗ ಅದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಆಮ್ಲ ತಾಮ್ರವನ್ನು ತಿನ್ನುತ್ತದೆ. ನೆರೆಯ ಮರುವರ್ಷ ಎಷ್ಟೋ ರೈತರು ಸ್ಟಾರ್ಟರುಗಳ ತುಂಬ ಅದನ್ನೇ ತುಂಬಿ ತಂದಿದ್ದರು. ಹೊರಗಿನಿಂದ ಹನಿ ಹೊಕ್ಕಿರಲಿಲ್ಲ, ಒಳಗೆ ಹಸಿರು ಮಾತ್ರ ತುಂಬಿತ್ತು. ವಾಸನೆಯಿಲ್ಲದ ಬಗೆಯನ್ನೇ ಕೇಳಿ ತರಬೇಕು. ತೇವವಿದ್ದಾಗಲೇ ಮುಚ್ಚಿದರಂತೂ ಯಾವ ಲೇಪವೂ ಕೆಲಸಕ್ಕೆ ಬಾರದು, ನೀರನ್ನು ಒಳಗಿಟ್ಟೇ ಬಾಗಿಲು ಹಾಕಿದಂತಾಗುತ್ತದೆ.

ಪಾಳಿಗೆ ಹೊರಟ ಜಾಬರರು ಅಂಗಡಿಯ ಬೆಳಕಿನಲ್ಲಿ ಮಗನ ಚಪ್ಪಲಿ ಕಂಡು ನಿಂತದ್ದು ಅಷ್ಟರಲ್ಲಿ. ಮೇಜಿನ ಮೇಲೆ ಬಿಚ್ಚಿ ಹರಡಿದ ಗಾಡಿ. ಗಾಲಿಗಳು ಒಂದು ಕಡೆ, ಸ್ಟೇರಿಂಗಿನ ಸರ್ವೋ ಒಂದು ಕಡೆ, ಬಟ್ಟಲಿನಲ್ಲಿ ಕಾರ್ಡ್.

"ಏನಿದು?"

ಮಿಸ್ತ್ರಿ ಬ್ರಷ್ಷು ಕೆಳಗಿಟ್ಟರು, ಮಾತಾಡಲಿಲ್ಲ. ಹುಡುಗನೇ ಹೇಳಿದ, ನೆಲ ನೋಡುತ್ತ. "ನೀರಾಗ ಹೊಡದಿದ್ದೆ ಅಪ್ಪಾ. ಶುಕ್ರವಾರ. ನೀ ಬೈತೀ ಅಂತ ಕೌದಿ ಹಿಂದ ಇಟ್ಟಿದ್ದೆ."

ಜಾಬರರು ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಯಂತ್ರದವರಿಗೆ ಬಿಚ್ಚಿದ ವಸ್ತುವನ್ನು ನೋಡದೆ ಇರುವುದಾಗದು. ಬಾಗಿ ಬೆಳಕುಗಾಜು ತೆಗೆದುಕೊಂಡು ಕಾರ್ಡನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನೀರು ಬಿದ್ದದ್ದಕ್ಕೆಲ್ಲಾ ಹಿಂಗೇ ಹಸರ ಬರ್ತದೇನು, ಮಿಸ್ತ್ರಿ?"

"ಬರ್ತದ."

"ವೋಲ್ಟೇಜ್ ಹೆಚ್ಚು ಬಂದ್ರ?"

"ಕರ್ರಗ ಸುಡ್ತದ ಅಣ್ಣಾ. ಹಸರ ಬರೂದಿಲ್ಲ."

ಹೊರಗೆ ಮತ್ತೆ ಮಳೆ ಹಿಡಿದಿತ್ತು; ತಗಡಿನ ಮೇಲಿನ ಸದ್ದಿನಲ್ಲಿ ಮಗ್ಗಗಳ ಸದ್ದು ಅಡಗಿತು. ಜಾಬರರು ಗಾಜನ್ನು ಅದರ ಜಾಗದಲ್ಲಿಟ್ಟರು. ಜುಲೈಯ ತಮ್ಮ ಶೆಡ್ಡಿನ ಕಾರ್ಡಿನ ಚೀಟಿ ಇದೆಯೇನೆಂದು ಕೇಳಿದರು. ಮಿಸ್ತ್ರಿ ಕಪಾಟಿನಿಂದ ಪುಸ್ತಕ ತೆಗೆದು ಕಾರ್ಬನ್ ಪ್ರತಿಯ ಪುಟ ತಿರುವಿದರು. ಮೊದಲ ಕಲಮಿನಲ್ಲಿ ವೋಲ್ಟೇಜ್, ಎರಡನೆಯದು ಖಾಲಿ.

"ಇದರಾಗ ತುಂಬ್ರಿ."

"ಏನಂತ?"

"ನೀವು ಏನು ನೋಡೀರಿ, ಅದು."

ಮಿಸ್ತ್ರಿ ಮರಾಠಿಯಲ್ಲಿ ಬರೆದರು: ನೀರಿಳಿದು ತಾಮ್ರ ಸವೆದಿದೆ, ಹೆಚ್ಚು ವೋಲ್ಟೇಜಿನ ಗುರುತು ಇಲ್ಲ. ಕೆಳಗೆ ಸಹಿ ಹಾಕುವಾಗ ಯಾವ ತಾರೀಖು ಹಾಕಬೇಕೆಂದು ಪೆನ್ನು ತಡೆಯಿತು. ಒಂದು ಕ್ಷಣ ಯೋಚಿಸಿ ಬರೆದ ದಿನದ ತಾರೀಖನ್ನೇ ಹಾಕಿದರು. ಆಮೇಲೆ ಹನಿಯ ಮಾತನ್ನು ಶೆಡ್ಡಿನಲ್ಲಿ ಹೇಳಬೇಕಾದವರು ಜಾಬರರೇ. ಅದು ಯಾವ ಕಲಮಿನಲ್ಲಿಯೂ ಇಲ್ಲ. ಕಡಿತವಾದ ಸಾವಿರ ರೂಪಾಯಿ ಹೆಲ್ಪರನಿಗೆ ಮರಳುವುದೋ, ಉಳಿದ ಎಂಟು ಸಾವಿರ ಯಾರ ಪಗಾರಕ್ಕೆ ಬೀಳುವುದೋ ಅವರಿಗೆ ಆಗ ತಿಳಿದಿರಲಿಲ್ಲ. ಮಗನ ವಿಷಯದಲ್ಲಿ ಅವರು ಅಂದದ್ದು ಒಂದೇ ಮಾತು: "ಬಿದ್ದ ದಿನಾನೇ ನನ್ನ ಎಬ್ಬಸಬೇಕಾಗಿತ್ತು."

ಗಾಡಿಯ ಕಾರ್ಡಿನಲ್ಲಿ ಒಂದು ಗೆರೆ ಪೂರ್ತಿ ಸವೆದಿತ್ತು, ಅಲ್ಲಿ ತಂತಿಯ ಎಳೆಯೊಂದನ್ನು ಬೆಸೆದು ನೋಡಬೇಕು. ಸರ್ವೋದ ಒಳಗಿನ ತಿರುಗುಪಟ್ಟಿ ಕೆಟ್ಟದ್ದರಿಂದ ಗಾಡಿ ನಡೆದರೂ ಎಡಕ್ಕೇ ಎಳೆಯಬಹುದು. ಹೊಸ ಬ್ಯಾಟರಿ ಬೇಕೇ ಬೇಕು. ಕಾರ್ಡ್ ಒಣಗಲು ಇಲ್ಲಿಯೇ ಇರಲಿ, ಶುಕ್ರವಾರ ಬಾ, ಮೈಯನ್ನು ಒಯ್ದು ಬೇರಿಂಗುಗಳಿಗೆ ಇಂದೇ ಎಣ್ಣೆ ಹಾಕು ಎಂದು ಮಿಸ್ತ್ರಿ ಹುಡುಗನಿಗೆ ಹೇಳಿದರು.

ಹೊರಡುವಾಗ ಜಾಬರರು ಬಟ್ಟೆಯಂಗಡಿಯ ಆ ಪ್ಲಾಸ್ಟಿಕ್ ಚೀಲವನ್ನು ಎತ್ತಿ, ಕೊಡವಿ, ಒಳಗಿನ ಹನಿಗಳನ್ನು ಒರೆಸಿ, ಚೀಟಿಯನ್ನು ಅದರಲ್ಲಿಟ್ಟು ಮೂರು ಸಲ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಚೀಲವಿಲ್ಲದ ಗಾಡಿಯನ್ನು ಹುಡುಗ ಎದೆಗವಚಿಕೊಂಡು ಮಳೆಯನ್ನು ನೋಡುತ್ತ ನಿಂತ.

"ಇನ್ನ ನೆನದ್ರೂ ನಡೀತದ, ಹೋಗು," ಎಂದರು ಮಿಸ್ತ್ರಿ. "ಅದರಾಗ ಬ್ಯಾಟರಿ ಇಲ್ಲ."